ಸಾಲಿಗೊಂದು ಸೀಟಿ
ಕೂಡ್ಲಿಗಿ–ಕೊಟ್ಟೂರು ಬಸ್ಸಿನ ಕಂಡಕ್ಟರ್ ಓಬಳೇಶನಿಗೆ ಕವಿತೆ ಕಟ್ಟುವ ಹುಚ್ಚು. ಟಿಕೆಟ್ ಪಂಚನ್ನು ಕಂಬಿಗೆ ಟಕಟಕ ಬಡಿದು ಮಾತ್ರೆ ಎಣಿಸುತ್ತಿದ್ದ. ಸಾಲೊಂದು ಕೂಡಿಬಂದರೆ ಖುಷಿಗೆ ಸೀಟಿ ಊದಿಬಿಡುತ್ತಿದ್ದ. ಬಸ್ಸು ಶೇಂಗಾ ಹೊಲಗಳ ನಡುವೆ ಗಕ್ಕನೆ ನಿಲ್ಲುತ್ತಿತ್ತು. "ಇಲ್ಲಿ ಯಾರ್ ಇಳೀತಾರಲೇ?" ಎಂದು ಡ್ರೈವರ್ ಹಾಲಸ್ವಾಮಿ ಹಲ್ಲು ಕಡಿಯುತ್ತಿದ್ದ. ಬರೆದದ್ದನ್ನೆಲ್ಲ ದಿನಾ ಅದೇ ಬಸ್ಸಿಗೆ ಬರುವ, ಸೊಪ್ಪು ಮಾರುವ ಪಕ್ಕೀರಮ್ಮನಿಗೇ ಮೊದಲು ಓದಿ ಹೇಳಬೇಕು. ಅಕ್ಷರ ಬಾರದ ಆಕೆ, "ಉಸ್ರು ಕಟ್ತೈತಿ ನೋಡಪ್ಪಾ, ಎರಡ್ ಮಾತು ತಗಿ," ಅನ್ನುವಳು, ಇವನು ತೆಗೆಯುವನು. ಹೀಗೆ ಮೂರು ವರ್ಷ ಕಲಿತವನು ಒಂದು ಮುಂಜಾನೆ ಅವಳ ಸೊಪ್ಪಿನ ಬುಟ್ಟಿಯನ್ನೇ ಕುರಿತು ಬರೆದ ಎಂಟು ಸಾಲು ಓದಿದ. ಪಕ್ಕೀರಮ್ಮ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಮಾತನ್ನೂ ತೆಗೆ ಅನ್ನಲಿಲ್ಲ. ಓಬಳೇಶ ಸೀಟಿ ಊದಿರಲಿಲ್ಲ, ಆದರೂ ಬಸ್ಸು ನಿಂತಿತು. ಹಾಲಸ್ವಾಮಿ ಇಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ಕೂತ. "ಈ ಸದ್ದಿನಾಗ ಸರಿಯಾಗಿ ಕೇಳ್ಸಲಿಲ್ಲ. ಮೊದ್ಲಿಂದ ಓದಲೇ."