ಅತ್ತೆ ಹಾಕಿದ ಗಂಟು

ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ಆಕೆಯನ್ನು ಎಲ್ಲರೂ ಡಬ್ಬದಕ್ಕ ಎಂದೇ ಕರೆಯುತ್ತಿದ್ದರು. ಮನೆಮನೆಯ ಒಣಕಸ ಬೀದಿಯ ನೀಲಿ ತೊಟ್ಟಿ ಸೇರಿ, ಅಲ್ಲಿಂದ ಗಾಡಿಯೇರಿ ಶೆಡ್ಡಿಗೆ ಬಂದು, ಉದ್ದನೆಯ ಬೆಲ್ಟಿನ ಮೇಲೆ ಮೆರವಣಿಗೆ ಹೊರಡುತ್ತಿತ್ತು. ಇಕ್ಕೆಲದಲ್ಲಿ ನಿಂತವರಲ್ಲಿ ಒಬ್ಬರು ರಟ್ಟು ಎತ್ತಿದರೆ ಇನ್ನೊಬ್ಬರು ಬಾಟಲಿ ಹೆಕ್ಕುವರು. ತಗಡಿನ ಡಬ್ಬಗಳು ಈಕೆಯ ಪಾಲು. ಹೆಕ್ಕಿದ್ದೆಲ್ಲ ಯಂತ್ರದಲ್ಲಿ ಒತ್ತಿಸಿಕೊಂಡು, ದೊಡ್ಡ ದೊಡ್ಡ ಇಟ್ಟಿಗೆಗಳಂತಾಗಿ ಕಾರ್ಖಾನೆಗೆ ಹೋಗುತ್ತಿತ್ತು. ಬಾಯಲ್ಲಿ ಊರ ಮೇಲಿನ ಮಾತೆಲ್ಲ ಓಡುತ್ತಿದ್ದರೂ ಆಕೆಯ ಕೈಗೆ ಒಂದು ಡಬ್ಬವೂ ತಪ್ಪುತ್ತಿರಲಿಲ್ಲ.

ಅಲ್ಲಿ ಒಂದು ಕಟ್ಟುನಿಟ್ಟಿತ್ತು: ಬಾಯಿ ಕಟ್ಟಿದ ಚೀಲವನ್ನು ಯಾರೂ ಬಿಚ್ಚುವಂತಿಲ್ಲ. ಒಳಗೆ ಒಡೆದ ಗಾಜಿದೆಯೋ, ಸೂಜಿಯಿದೆಯೋ, ಬಲ್ಲವರಾರು? ಬಿಚ್ಚುತ್ತ ನಿಂತರೆ ಬೆಲ್ಟು ಕಾಯುವುದೂ ಇಲ್ಲ. ಅಂಥ ಚೀಲ ನೇರವಾಗಿ ಕಸದ ಗುಂಡಿಗೆ. ಯಾವುದಾದರೂ ಬೀದಿಯಿಂದ ಅವು ಬರುತ್ತಲೇ ಇದ್ದರೆ ಆ ತೊಟ್ಟಿಗೆ ಕೆಂಪು ಚೀಟಿ. ಮತ್ತೂ ತಿದ್ದಿಕೊಳ್ಳದಿದ್ದರೆ ತೊಟ್ಟಿಯನ್ನೇ ಎತ್ತಿಕೊಂಡು ಹೋಗುವರು.

ಒಂದು ಬೆಳಿಗ್ಗೆ ಶೆಡ್ಡಿನ ಮೇಸ್ತ್ರಿ ಆಕೆಯ ಪಕ್ಕ ಬಂದು ನಿಂತ.

“ಡಬ್ಬದಕ್ಕಾ, ನಿಮ್ಮ ಬೀದಿ ತೊಟ್ಟಿಗೆ ಕೆಂಪು ಚೀಟಿ ಅಂಟಿಸಿದ್ದಾಯ್ತು. ಇನ್ನೊಂದು ಸಲ ಹೀಗೇ ಬಂದ್ರೆ ತೊಟ್ಟಿ ವಾಪಸ್ಸು.”

“ಸುಮ್ನಿರಣ್ಣ! ನಾನಿರೋ ಬೀದೀಲಿ ಹಾಗಾಗುತ್ತಾ?”

“ನೀನಿರೋ ಬೀದಿ ಅಂತಾನೇ ಬೆಳಿಗ್ಗೆಯಿಂದ ಎಲ್ಲರೂ ನಗ್ತಿರೋದು. ಅಲ್ನೋಡು.”

ಬೆಲ್ಟಿನ ಮೇಲೆ ಕಟ್ಟಿದ ಚೀಲಗಳು ಸಾಲುಗಟ್ಟಿ ಬರುತ್ತಿದ್ದವು. ಎರಡು ಸುತ್ತು, ಮೇಲೊಂದು ಬಿಗಿ, ತುದಿಗಳೆಲ್ಲ ಒಳಗೆ ಸಿಕ್ಕಿಸಿದ ಅಚ್ಚುಕಟ್ಟಾದ ಗಂಟು. ಕಟ್ಟಿದ ಚೀಲವೆಂದರೆ ನೋಡದೇ ಪಕ್ಕಕ್ಕೆ ತಳ್ಳುತ್ತಿದ್ದ ಡಬ್ಬದಕ್ಕ ಈಗ ಒಂದನ್ನು ಎತ್ತಿ ಗಂಟನ್ನು ತಿರುಗಿಸಿ ನೋಡಿದಳು. ಮನೆಯಲ್ಲಿ ಹಿಟ್ಟಿನ ಚೀಲದಿಂದ ಹಿಡಿದು ಗುಳಿಗೆಯ ಪೊಟ್ಟಣದವರೆಗೆ ಎಲ್ಲಕ್ಕೂ ಅದೇ ಗಂಟು. ಅದು ಅತ್ತೆಯ ಕೈಯದು. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವ ಸೊಸೆಗೆ, ಆಮೇಲೆ ಕಸ ಹಾಕುವ ಅತ್ತೆಯ ವೈಖರಿ ಕಣ್ಣಿಗೆ ಬಿದ್ದಿರಲೇ ಇಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ಡಬ್ಬ ತೊಳೆಯುತ್ತ ನಿಂತಿದ್ದರು.

“ಅತ್ತೆ, ನಮ್ಮ ಬೀದಿ ತೊಟ್ಟಿ ಎತ್ಕೊಂಡು ಹೋಗ್ತಾರಂತೆ. ಯಾರೋ ಚೀಲದ ಬಾಯಿ ಕಟ್ಟಿ ಹಾಕ್ತಿದಾರೆ. ಕಟ್ಟಿದ್ದೆಲ್ಲ ಗುಂಡಿಗೇ ಹೋಗೋದು.”

“ಅದ್ಯಾವ ಮಹಾತಾಯಿ? ಮನೆ ತೋರಿಸು, ನಾನೇ ಹೋಗಿ ವಿಚಾರಿಸ್ಕೊಂಡು ಬರ್ತೀನಿ!” ಎಂದು ಶುರುಮಾಡಿದ ಅತ್ತೆಯ ಕೈ ನಲ್ಲಿಯ ಕೆಳಗೇ ನಿಂತಿತು.

“ಅಷ್ಟು ದೂರ ಹೋಗೋದು ಬೇಡ ಅತ್ತೆ,” ಎಂದಳು ಸೊಸೆ ಮೆಲ್ಲಗೆ.

“ನಾನು ತೊಳೆದು ಒರೆಸಿ ಕಳಿಸಿದ್ದೂ ಗುಂಡಿಗಾ?”

“ಹೂಂ. ಬೀದಿಯವರಿಗೆಲ್ಲ ಹೇಳಿಕೊಟ್ಟವರೂ ನೀವೇನಾ?”

“ಮತ್ತಿನ್ಯಾರು? ಅವರಿಗೆ ನೆಟ್ಟಗೆ ಗಂಟು ಹಾಕೋಕೂ ಬರ್ತಿರಲಿಲ್ಲ!” ಎಂದವರು ಸೊಸೆಯ ಕೈ ಹಿಡಿದೆಳೆದು ಬೆಳಕಿಗೆ ಒಡ್ಡಿದರು. ಹೆಬ್ಬೆರಳಿಗೆ ಅಡ್ಡವಾಗಿ ಒಂದು ಹಳೆಯ ಗಾಯ, ಅದರ ಪಕ್ಕ ಒಂದು ಹೊಸದು. “ಡಬ್ಬದ ಅಂಚು ಕೊಯ್ದು ಏನಾಗಿದೆ ನೋಡು. ಕಟ್ಟಿ ಕಳಿಸಿದ್ರೆ ನಿನ್ನ ಕೈಗೆ ತಾಗಲ್ಲ ಅಂದ್ಕೊಂಡೆ ಕಣೇ.”

ಸೊಸೆ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

“ಗ್ಲೌಸ್ ಕೊಟ್ಟಿದಾರಲ್ಲ ಅತ್ತೆ...”

“ಆ ಗ್ಲೌಸಿನ ಯೋಗ್ಯತೆ ನನಗೆ ಹೇಳ್ಬೇಡ. ತೂತು ಹೊಲಿಯೋಳು ನಾನು.”

ಆಮೇಲೆ ಅತ್ತೆ ತೊಳೆದ ಡಬ್ಬವೊಂದನ್ನು ಎತ್ತಿಕೊಂಡು, ಕತ್ತರಿಸಿದ ಮುಚ್ಚಳವನ್ನು ಅದರೊಳಗೇ ಇಳಿಬಿಟ್ಟು, ಇಕ್ಕಳದಿಂದ ಬಾಯಿಯನ್ನು ಒತ್ತಿ ಒತ್ತಿ ಮುಚ್ಚಿದರು.

“ಹೀಗೆ ಬಿಡಿಯಾಗಿ ಹಾಕಿದ್ರೆ ನಿಮ್ಮ ಮೇಸ್ತ್ರಿ ಬೇಡ ಅಂತಾನಾ?”

“ಯಾಕಂತಾನೆ? ತಗಡು ಹೇಗಿದ್ರೂ ಒತ್ತೋದೇ ಅಲ್ವಾ.”

ಅತ್ತೆ ಆಗಲೇ ಇಕ್ಕಳ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು.

“ಈಗೆಲ್ಲಿಗೆ ಹೊರಟ್ರಿ?”

“ಮನೆಮನೆಗೆ. ಕಲಿಸಿದೋಳೇ ಮರೆಸ್ಬೇಕಲ್ಲ!”

ಮುಂದಿನ ಸಲ ಆ ಬೀದಿಯ ಗಾಡಿ ಬಂದಾಗ ಮೇಸ್ತ್ರಿ ಬೆಲ್ಟಿನ ಪಕ್ಕದಲ್ಲೇ ಕಾಯುತ್ತಿದ್ದ. ಡಬ್ಬದಕ್ಕ ಬೆಲ್ಟಿನತ್ತ ಬಾಗಿ ನೋಡಿದಳು. ರಟ್ಟು ಬಂತು, ಬಾಟಲಿಗಳು ಉರುಳಿಕೊಂಡು ಬಂದವು, ಹುಡುಕಿದರೂ ಒಂದು ಗಂಟಿಲ್ಲ. ಹಿಂದೆಯೇ ಡಬ್ಬಗಳ ಹಿಂಡು.

“ಇದೇನಕ್ಕಾ, ನಿಮ್ಮ ಬೀದಿ ಡಬ್ಬಗಳೆಲ್ಲ ಮುನಿಸಿಕೊಂಡು ತುಟಿ ಬಿಗಿದಿವೆ?”

“ನಮ್ಮತ್ತೆ ಗದರಿರ್ಬೇಕು, ಬಿಡಣ್ಣ,” ಎನ್ನುತ್ತ ಆಕೆ ಮೊದಲನೆಯದನ್ನು ಎತ್ತಿಕೊಂಡಳು. ಅದರ ಬಾಯಂಚಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿ ನೋಡಿ, ತನ್ನ ಬುಟ್ಟಿಗೆ ಎಸೆದಳು.