ಎಂಬತ್ತೆಂಟರಲ್ಲಿ ಸಿಕ್ಕಿಬಿದ್ದ ಲಿಫ್ಟ್ ಮಾಮ

ಏಳಂತಸ್ತಿನ ಆ ಕಚೇರಿಯಲ್ಲಿ ಎಲ್ಲರೂ ಅವನನ್ನು ಲಿಫ್ಟ್ ಮಾಮ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು ಅವನ ಕೆಲಸ. ಡಾಕ್ಟರು ಗದರಿಸಿದ ಮೇಲೆ ಸಕ್ಕರೆ ಬಿಟ್ಟ, ಕರಿದದ್ದು ಬಿಟ್ಟ, ತೊಂಬತ್ತೈದು ಕೆಜಿಯಿಂದ ಎಂಬತ್ತೆಂಟಕ್ಕೆ ಇಳಿದ. ಆಮೇಲೆ ಐದು ತಿಂಗಳು ತೂಕದ ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಕದ್ದುಮುಚ್ಚಿ ಏನಾದ್ರೂ ತಿಂತಿದ್ದೀರಾ?" ಎಂದು ಹೆಂಡತಿ ಅವನ ಜೇಬನ್ನೆಲ್ಲ ತಡಕಿದಳು. ಸಿಕ್ಕಿದ್ದು ಒಂದು ಬಾಚಣಿಗೆ. ಅವಳಿಗೇ ನಾಚಿಕೆಯಾಯಿತು.

ಒಂದು ಸೋಮವಾರ ಲಿಫ್ಟ್ ಕೆಟ್ಟು ನಿಂತಿತು. ಮ್ಯಾನೇಜರು, "ಸುಮ್ನೆ ಕೂತು ಏನ್ಮಾಡ್ತೀರಿ ಮಾಮ, ಫೈಲುಗಳನ್ನ ಮೇಲಕ್ಕೆ ಸಾಗಿಸಿ" ಎಂದರು. ಮೊದಲ ದಿನ ನಾಲ್ಕನೇ ಅಂತಸ್ತು ತಲುಪುವಷ್ಟರಲ್ಲಿ ಜೀವ ಬಾಯಿಗೆ ಬಂತು. ಲಿಫ್ಟ್ ಕಂಡುಹಿಡಿದವನನ್ನೂ ಮೆಟ್ಟಿಲು ಕಟ್ಟಿದವನನ್ನೂ ಸೇರಿಸಿ ಬೈದ. ಎರಡು ವಾರ ಕಳೆಯುವಷ್ಟರಲ್ಲಿ ಪ್ಯಾಂಟು ಸೊಂಟದಿಂದ ಜಾರತೊಡಗಿತು. ತೂಕ ನೋಡಿದರೆ ಎಂಬತ್ತಾರೂವರೆ!

ಮರುದಿನ ಮೆಕ್ಯಾನಿಕ್ ಬಂದಾಗ "ಬೇಗ ರಿಪೇರಿ ಮಾಡಪ್ಪ" ಎಂದು ಇಡೀ ಕಚೇರಿ ದುಂಬಾಲು ಬಿತ್ತು. ಮಾಮ ಮಾತ್ರ ಅವನ ಕಿವಿಯ ಹತ್ತಿರ ಬಾಗಿ, "ಅವಸರ ಏನಿಲ್ಲ ಕಣಯ್ಯ, ನಿಧಾನಕ್ಕೆ ಮಾಡು" ಎಂದ.

ಆದರೂ ಸಂಜೆಯೊಳಗೆ ಲಿಫ್ಟ್ ಸರಿಹೋಯಿತು. ಮಾಮನ ಮುಖ ಸಪ್ಪಗಾಯಿತು. ನೇರ ಮ್ಯಾನೇಜರ ಮುಂದೆ ಹೋಗಿ ನಿಂತ. "ಸಾರ್, ಫೈಲು ಸಾಗಿಸೋ ಕೆಲಸಾನೇ ನನಗೆ ಖಾಯಂ ಮಾಡಿಬಿಡಿ. ಗುಂಡಿ ಒತ್ತೋಕೆ ಅವರವರ ಬೆರಳೇ ಸಾಕು."

ಮ್ಯಾನೇಜರು ನಕ್ಕು ಒಪ್ಪಿಕೊಂಡರು. ಮೂರು ತಿಂಗಳಲ್ಲಿ ಮಾಮ ಎಂಬತ್ತೆರಡಕ್ಕೆ ಬಂದ. ಏಳನೇ ಅಂತಸ್ತು ಹತ್ತಿದ ಮೇಲೂ ಅಲ್ಲಿಯ ಗುಮಾಸ್ತರ ಜೊತೆ ಹರಟುವಷ್ಟು ಉಸಿರು ಅವನಲ್ಲಿ ಉಳಿದಿರುತ್ತಿತ್ತು.