ಅನಾರ್ಕುಲ್ ಅಕ್ಕ ಕೇಳಿ ಪಡೆದ ಮಗು

ನರಿನ್ ಎಂಬ ಬೆಟ್ಟಸೀಮೆಯ ನಮ್ಮ ಹಳ್ಳಿಯಲ್ಲಿ ಅನಾರ್ಕುಲ್ ಅಕ್ಕನಿಗೆ ಎದುರಾಡಿ ಗೆದ್ದವರಿಲ್ಲ. ನಾನಂತೂ ಕೂಗಾಡುತ್ತಲೇ ಸೋತವನು.

ಹರೆಯದಲ್ಲಿ ಅವಳು ಸರ್ಕಾರಿ ಫಾರಂನಲ್ಲಿ ಹಾಲು ಕರೆಯುತ್ತಿದ್ದಳು. ವರ್ಷದ ಉತ್ತಮ ಕೆಲಸಗಾರ್ತಿ ಎಂದು ಕಚೇರಿಯ ಗೋಡೆಯ ಮೇಲೆ ಅವಳ ಫೋಟೋ ಇತ್ತು. ಅದು ಇಳಿಯಬಾರದೆಂದು ಎರಡು ಸಲ ಬಸಿರು ತೆಗೆಸಿಕೊಂಡಳು. ಆಗ ಅದು ಹಲ್ಲು ಕೀಳಿಸಿಕೊಂಡಷ್ಟೇ ಸಲೀಸು. ಯಾರೂ ಬೈಯಲಿಲ್ಲ. ಆಮೇಲೆ ಬಸಿರು ನಿಲ್ಲಲೇ ಇಲ್ಲ, ಗಂಡನೂ ತೀರಿಕೊಂಡ. ನಲವತ್ತರ ಹೊತ್ತಿಗೆ ಅಕ್ಕ ಯೇಸುವನ್ನು ನಂಬಿದಳು. ಮುಸಲ್ಮಾನರಾದ ಒಡಹುಟ್ಟಿದವರು ಆಮೇಲೆ ಅವಳಿಗೆ ಹೊಸಿಲು ತುಳಿಯಗೊಡಲಿಲ್ಲ. ಭಾನುವಾರ ನಾವು ಹನ್ನೊಂದು ಜನ ಅವಳ ಮನೆಯಲ್ಲೇ ಪ್ರಾರ್ಥನೆಗೆ ಕೂರುತ್ತಿದ್ದೆವು.

ನನ್ನ ಹೆಂಡತಿ ಜಿಪಾರ್ ಐದನೆಯದಕ್ಕೆ ಬಸಿರಾದಾಗ ನಾಲ್ಕನೆಯದು ಇನ್ನೂ ತೊಟ್ಟಿಲಲ್ಲಿತ್ತು. ನಾನು ಪ್ರಾರ್ಥನೆಗೆ ಕೂರುವವನೇ. ಆದರೂ ಮಂಗಳವಾರ ಪಟ್ಟಣಕ್ಕೆ ಹೋಗಿ ತೆಗೆಸಿಬಿಡೋಣ ಎಂದು ನಾನೇ ಗೊತ್ತುಮಾಡಿದೆ. ಯಾರಿಗೂ ಹೇಳಬೇಡ ಅಂದಿದ್ದೆ. ಜಿಪಾರ್ ಅಕ್ಕನಿಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ಅಕ್ಕ ಬಂದು ನೆಲಕ್ಕೆ ಹಾಸಿದ್ದ ಊಟದ ಬಟ್ಟೆಯ ಮುಂದೆ ಕೂತಳು. ಗರಗಸ ಕೇಳಲು ಬಂದ ಪಕ್ಕದ ಮನೆಯ ಮುದುಕ ಸಾಗಿನ್ ಆಗಲೇ ಅಲ್ಲಿ ಚಹಾ ಕುಡಿಯುತ್ತಿದ್ದ.

"ಬೈಬಲ್ ಹೇಳೋಕೆ ಬಂದಿದ್ರೆ ಎದ್ದು ಹೋಗಕ್ಕ, ನಂಗೆ ತಲೆ ಕೆಟ್ಟಿದೆ" ಅಂದೆ.

"ನಿನ್ ತಲೆ ಯಾವತ್ತು ನೆಟ್ಟಗಿತ್ತೋ? ಹೇಳೋಕಲ್ಲ, ಕೇಳೋಕೆ ಬಂದೆ. ಆ ಮಗೂನ ನಂಗೆ ಕೊಡು."

ನಮ್ಮಲ್ಲಿ ಮಕ್ಕಳಿಲ್ಲದವರು ಬಳಗದವರಲ್ಲಿ, ಆಪ್ತರಲ್ಲಿ ಹೀಗೆ ಮಗು ಕೇಳುವುದುಂಟು. ನನಗೆ ಮೈಯೆಲ್ಲ ಉರಿಯಿತು.

"ಹುಟ್ಟದೇ ಇರೋದನ್ನ ಏನಂತ ಕೊಡ್ಲಿ?"

"ಹುಟ್ಟಿಲ್ಲ, ಅಷ್ಟೆ. ಇದ್ಯಲ್ಲ! ದೇವರು ಕೈಯಾರೆ ಮಾಡ್ತಾ ಇರೋದನ್ನ ಎರಡು ಸಲ ಕಿತ್ತು ಬಿಸಾಕ್ದೋಳು ನಾನು. ಅವನು ಕ್ಷಮಿಸಿದ್ದಾನೆ, ಗೊತ್ತು. ಆದ್ರೂ ಹಬ್ಬಕ್ಕೆ ಬಟ್ಟಲು ಜೋಡಿಸೋವಾಗ ಎರಡು ಕಡಿಮೆ ಅನ್ಸುತ್ತಪ್ಪ."

"ತಗೊಂಡು ಸಾಯಿ! ಹುಟ್ಟಿದ ಮೇಲೆ ಹೊತ್ಕೊಂಡು ಹೋಗು!" ಎಂದು ಅರಚಿದೆ.

ನಾನು ಅಂದದ್ದು ಬೈಗುಳ. ಅಕ್ಕ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ನಮ್ಮಲ್ಲಿ ಕೊಟ್ಟ ಮಾತಿನ ಮೇಲೆ ರೊಟ್ಟಿ ತಿಂದರೆ ಮುಗಿಯಿತು, ಆ ಮಾತಿಗೆ ತಪ್ಪಿದವನನ್ನು ಊರು ಗಂಡಸೆನ್ನುವುದಿಲ್ಲ.

ಸಾಗಿನ್ ನಕ್ಕ. "ಆಯ್ತಲ್ಲಪ್ಪ, ಕೊಟ್ಬಿಟ್ಟೆ. ನಾನು ನಿಮ್ ಯೇಸು ಕಡೆಯೋನಲ್ಲ, ಆದ್ರೆ ಕಿವಿ ನೆಟ್ಟಗಿದೆ."

ಮಂಗಳವಾರ ನಾವು ಪಟ್ಟಣಕ್ಕೆ ಹೋಗಲಿಲ್ಲ. ಇನ್ನೊಬ್ಬರಿಗೆ ಕೊಟ್ಟ ಮಗುವನ್ನು ತೆಗೆಸುವುದು ಹೇಗೆ? ಅಕ್ಕ ಹೆರಿಗೆಯವರೆಗೂ ದಿನಾ ಬಂದಳು. ಬಟ್ಟೆ ಒಗೆದಳು, ತೊಟ್ಟಿಲು ತೂಗಿದಳು, ಜಿಪಾರ್‌ಗೆ ಕುರಿಮಾಂಸದ ಸಾರು ಕುಡಿಸಿದಳು.

ಹೆಣ್ಣು ಹುಟ್ಟಿತು. ಬೆರ್ಮೆತ್ ಎಂದು ಅಕ್ಕನೇ ಹೆಸರಿಟ್ಟಳು. ನಲವತ್ತನೆಯ ದಿನ ನಮ್ಮ ಪದ್ಧತಿಯಂತೆ ಕೂಸಿಗೆ ನಲವತ್ತು ಚಮಚ ನೀರೆರೆಯುವ ಸ್ನಾನ. ಅಷ್ಟರಲ್ಲಿ ಆ ಕೂಸು ನನ್ನ ಹೆಬ್ಬೆರಳು ಹಿಡಿದು ಮಲಗುವುದನ್ನು ಕಲಿತಿತ್ತು.

"ಅಕ್ಕಾ, ಅವತ್ತು ಸಿಟ್ಟಲ್ಲಿ ಅಂದಿದ್ದು. ಮಗು ನಮಗಿರ್ಲಿ" ಅಂದೆ.

ಅಕ್ಕ ನೀರೆರೆಯುವುದನ್ನು ನಿಲ್ಲಿಸಲಿಲ್ಲ. "ನಾನು ಸುಮ್ನೆ ನೆಪಕ್ಕೆ ಕೇಳಿದ್ದಲ್ಲ ಕಣೋ. ನಿಜವಾಗ್ಲೂ ಬೇಕಿತ್ತು."

ನಾನು ಕೂಗಲು ಬಾಯಿ ತೆರೆದೆ. ಜಿಪಾರ್ ನನ್ನ ತೋಳು ಹಿಡಿದಳು. "ಕೂತ್ಕೊಳ್ಳಿ. ಅಕ್ಕ ಕೇಳ್ದೇ ಇದ್ದಿದ್ರೆ ಇವತ್ತು ಯಾರಿಗೆ ನೀರು ಹಾಕ್ತಿದ್ವಿ?"

ಅವಳೇ ಮಗುವನ್ನು ಒರೆಸಿ, ಸುತ್ತಿ, ಅಕ್ಕನ ಮಡಿಲಿಗಿಟ್ಟಳು. ಒಂದು ವರ್ಷ ದಿನಕ್ಕೆ ಐದಾರು ಸಲ ಹೋಗಿ ಹಾಲೂಡಿಸಿ ಬಂದಳು.

ಈಗ ಬೆರ್ಮೆತ್‌ಗೆ ಒಂಬತ್ತು. ಅಕ್ಕ ಏನನ್ನೂ ಮುಚ್ಚಿಟ್ಟಿಲ್ಲ. "ಹೊತ್ತೋಳು ಅವಳು, ಬೇಡ್ಕೊಂಡೋಳು ನಾನು" ಎಂದು ಹೇಳಿಯೇ ಬೆಳೆಸಿದ್ದಾಳೆ. ಹುಡುಗಿ ನಮ್ಮಲ್ಲಿ ಉಂಡು, ಅಕ್ಕಂದಿರ ಜಡೆ ಎಳೆದು ಜಗಳವಾಡಿ, ಸಂಜೆಗೆ "ಅಮ್ಮಾ" ಎಂದು ಕೂಗುತ್ತಾ ಅನಾರ್ಕುಲ್ ಅಕ್ಕನ ಮನೆಗೆ ಓಡುತ್ತಾಳೆ. ನನ್ನನ್ನು ಮಾವ ಅನ್ನುತ್ತಾಳೆ. ಒಂದೊಂದು ದಿನ ಅದನ್ನು ಕೇಳಿ ಎದೆ ಕುದಿಯುತ್ತದೆ. ಆದರೂ ಓಗೊಡುತ್ತೇನೆ.